ಭೂಮಿ ಹತ್ತು ನಿಮಿಷ ನಡುಗಿದ ಊರಿಗೆ

ಸಾಂತಿಯಾಗೊ: ಇಳಿದ ದಿನ

ಚಿಲಿಗೆ ಹೋಗುವವರು ಸಾಮಾನ್ಯವಾಗಿ ಎರಡು ಕಡೆ ಓಡುತ್ತಾರೆ. ಉತ್ತರಕ್ಕೆ ಅಟಕಾಮ ಮರುಭೂಮಿ, ಇಲ್ಲವೇ ದಕ್ಷಿಣದ ತುದಿಗೆ ಪೆಟಗೋನಿಯಾ. ನಾವು ಹೋಗಿದ್ದು ಇವೆರಡರ ನಡುವಿನ ಮಳೆಸೀಮೆಗೆ, ಅದೂ ಮೇ ತಿಂಗಳಲ್ಲಿ. ಅಲ್ಲಿ ಅದು ಚಳಿಗಾಲದ ಬಾಗಿಲು. ಕಾರಣ ಅಕ್ಕ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದ ಅವಳಿಗೆ ಒಂದು ಹಟ ಇತ್ತು. ಉಪಕರಣಗಳಲ್ಲಿ ದಾಖಲಾದ ಅತಿ ದೊಡ್ಡ ಭೂಕಂಪ ಆದ ಜಾಗವನ್ನು ಕಣ್ಣಾರೆ ನೋಡಬೇಕು. 1960ರ ಮೇ 22, ವಾಲ್ಡಿವಿಯಾ, ತೀವ್ರತೆ 9.5.

"ಅರವತ್ತು ವರ್ಷದ ಮೇಲಾಯ್ತು. ಅಲ್ಲಿ ನೋಡೋಕೆ ಏನಿರುತ್ತೆ?" ಅಂತ ನಾನು ಕೇಳಿದ್ದೆ. "ಅದನ್ನೇ ನೋಡೋಣ" ಅಂದಳು.

ವಿಮಾನದ ಕಥೆ ಬಿಡಿ, ಎಲ್ಲರದೂ ಒಂದೇ. ರಾಜಧಾನಿ ಸಾಂತಿಯಾಗೊದಲ್ಲಿ ಬಾಡಿಗೆಗೆ ಹಿಡಿದ ಮನೆ ಹನ್ನೊಂದನೇ ಮಹಡಿಯಲ್ಲಿತ್ತು. ಕಿಟಕಿಯಿಂದ ಒಂದು ಕಡೆ ಹಿಮ ಹೊತ್ತ ಆಂಡಿಸ್, ಇನ್ನೊಂದು ಕಡೆ 300 ಮೀಟರ್ ಎತ್ತರದ ಗಾಜಿನ ಗೋಪುರ. ದಕ್ಷಿಣ ಅಮೆರಿಕದಲ್ಲೇ ಎತ್ತರದ ಕಟ್ಟಡ ಅದು. ಭೂಕಂಪದ ದೇಶದಲ್ಲಿ ಇಷ್ಟು ಎತ್ತರ ಕಟ್ಟಿದ್ದಾರಲ್ಲ ಅಂತ ನನಗೆ ಅನಿಸಿತು. ಅಕ್ಕನ ಪ್ರಕಾರ ಭೂಕಂಪದ ದೇಶವಾದ್ದರಿಂದಲೇ ಕಟ್ಟಲು ಕಲಿತಿದ್ದಾರೆ.

ಸಂಜೆ ಪೇಟೆಯಲ್ಲಿ 'ತೆರ್ರೆಮೊತೊ' ಎಂಬ ಪಾನೀಯ ಕುಡಿದೆವು. ಭೂಕಂಪ ಅಂತಲೇ ಹೆಸರು. ಬಿಳಿ ವೈನಿನ ಮೇಲೆ ಅನಾನಸ್ ಐಸ್‌ಕ್ರೀಮ್ ತೇಲಿಸಿ ಕೊಡುತ್ತಾರೆ. 1985ರ ಭೂಕಂಪದ ನಂತರ ಹುಟ್ಟಿದ್ದಂತೆ. ಎರಡನೆಯ ಸಣ್ಣ ಲೋಟ ಕೇಳಿದರೆ ಅದಕ್ಕೆ 'ರೆಪ್ಲಿಕಾ', ಅಂದರೆ ಮರುಕಂಪನ. ಸಿಹಿ ಎಂದು ಗಟಗಟ ಕುಡಿಯಬೇಡಿ, ಎದ್ದು ನಿಂತಾಗ ಕಾಲು ನಮ್ಮ ಮಾತು ಕೇಳುವುದಿಲ್ಲ.

ಬಹುಶಃ ಅದಕ್ಕೇ ಇರಬೇಕು, ರಾತ್ರಿ ಮಂಚ ಅಲುಗಾಡಿದಾಗ ನಾನು ವೈನಿನ ಮೇಲೆ ತಪ್ಪು ಹೊರಿಸಿ ಮಗ್ಗುಲಾದೆ. ಅಡುಗೆಮನೆಯಲ್ಲಿ ಲೋಟಗಳು ಕಿಣಿಕಿಣಿ ಅಂದವು. ಮೇಲಿನ ದೀಪ ನಿಧಾನವಾಗಿ ತೂಗುತ್ತಿತ್ತು. ಅಕ್ಕ ಎದ್ದು ಕೂತು ಮೊದಲು ಗಡಿಯಾರ ನೋಡಿದಳು. ಆಮೇಲೆ ಗೋಡೆಗೆ ಕೈಯಿಟ್ಟಳು. ಇಪ್ಪತ್ತು ಸೆಕೆಂಡ್ ಇರಬಹುದು, ನಿಂತಿತು. ಬೆಳಿಗ್ಗೆ ಕೆಳಗಿನ ಕಾವಲುಗಾರನನ್ನು ಕೇಳಿದರೆ ಅವನು ಕುರ್ಚಿಯಿಂದ ಎದ್ದೇ ಇರಲಿಲ್ಲ. ಐದರ ಒಳಗಿನದಕ್ಕೆಲ್ಲ ನಾವು ಏಳುವುದಿಲ್ಲ ಎಂದು ನಕ್ಕ. ಹೊರಗೆ ಓಡಬೇಡಿ, ಮೇಲಿಂದ ಗಾಜು ಬೀಳುತ್ತೆ, ಕಟ್ಟಡದೊಳಗೇ ಇರಿ ಎಂದು ಬುದ್ಧಿಯನ್ನೂ ಹೇಳಿದ. ಇಡೀ ಪ್ರವಾಸದಲ್ಲಿ ನಮಗೆ ಸಿಕ್ಕ ಉಪಯುಕ್ತ ಸಲಹೆ ಇದೇ. ಇನ್ನೊಂದು ಸಮುದ್ರದ ಊರುಗಳಲ್ಲಿ ಸಿಕ್ಕಿತು. ಅದು ಇದಕ್ಕೆ ತದ್ವಿರುದ್ಧ.

ಕೊನ್ಸೆಪ್ಸಿಯೊನ್: ಬಸ್ಸಿನ ದಿನ

ದಕ್ಷಿಣಕ್ಕೆ ಸುಮಾರು 500 ಕಿ.ಮೀ. ಚಿಲಿಯ ದೂರದ ಬಸ್ಸುಗಳು ಚೆನ್ನಾಗಿವೆ. ಸೀಟು ಪೂರ್ತಿ ಹಿಂದೆ ಬಾಗುತ್ತದೆ, ಹೊದಿಕೆ ಕೊಡುತ್ತಾರೆ. ಬಲಗಡೆ ಕೂರುವುದಕ್ಕಿಂತ ಎಡಗಡೆ ಕೂರಿ, ಆಂಡಿಸ್ ಉದ್ದಕ್ಕೂ ಜೊತೆಗೆ ಬರುತ್ತದೆ. ಮಧ್ಯದಲ್ಲಿ ದ್ರಾಕ್ಷಿ ತೋಟಗಳು ಎಲೆ ಕೆಂಪಾಗಿಸಿಕೊಂಡು ನಿಂತಿದ್ದವು.

ಈ ಊರಿಗೆ ಭೂಕಂಪ ಅಂದರೆ ಮನೆಗೆ ಬಂದುಹೋಗುವ ನೆಂಟ. 1751ರಲ್ಲಿ ಭೂಕಂಪ, ಸುನಾಮಿ ಎರಡೂ ಹೊಡೆದ ಮೇಲೆ ಕಡಲ ಅಂಚಿನ ಪೆಂಕೊದಿಂದ ಊರನ್ನೇ ಈಗಿನ ಜಾಗಕ್ಕೆ ಎತ್ತಿಟ್ಟರು. 1835ರಲ್ಲಿ ಮತ್ತೆ ಬಿತ್ತು. ಆಗ ಚಾರ್ಲ್ಸ್ ಡಾರ್ವಿನ್ ಚಿಲಿಯಲ್ಲೇ ಇದ್ದ. ನೆಲ ನಡುಗಿದಾಗ ವಾಲ್ಡಿವಿಯಾದ ಕಾಡಿನಲ್ಲಿ ಮಲಗಿ ದಣಿವಾರಿಸಿಕೊಳ್ಳುತ್ತಿದ್ದ. ಆಮೇಲೆ ಇಲ್ಲಿಗೆ ಬಂದು ಪಾಳುಬಿದ್ದ ಊರನ್ನು ನೋಡಿದ. ಕರಾವಳಿಯ ನೆಲ ಮೇಲೆದ್ದಿದ್ದನ್ನೂ ಗುರುತಿಸಿದ. ಬೆಟ್ಟಗಳು ಒಮ್ಮೆಲೇ ಏಳುವುದಿಲ್ಲ, ಹೀಗೆ ಹಂತ ಹಂತವಾಗಿ ಏಳುತ್ತವೆ ಅನ್ನೋ ಯೋಚನೆಗೆ ಅವನಿಗೆ ಇಲ್ಲಿ ಬಲ ಸಿಕ್ಕಿತು. ಆಮೇಲೆ 1939, 1960, 2010.

2010ರದ್ದು ಎಲ್ಲರ ಬಾಯಲ್ಲೂ ಇನ್ನೂ ಹಸಿ. ಫೆಬ್ರವರಿ 27, ಬೆಳಗಿನ ಜಾವ 3:34, ತೀವ್ರತೆ 8.8. ಇಡೀ ಕೊನ್ಸೆಪ್ಸಿಯೊನ್ ನಗರ ಸುಮಾರು 3 ಮೀಟರ್ ಪಶ್ಚಿಮಕ್ಕೆ ಸರಿಯಿತು. ಜಿಪಿಎಸ್ ಅಳತೆಯಲ್ಲಿ ಸಿಕ್ಕ ಲೆಕ್ಕ ಇದು. ನಮ್ಮ ಹೋಟೆಲಿನ ಹುಡುಗಿಗೆ ಆಗ ಏಳು ವರ್ಷವಂತೆ. ಅಪ್ಪ ಅವಳನ್ನು ಬಾಗಿಲ ಚೌಕಟ್ಟಿನ ಕೆಳಗೆ ತಬ್ಬಿ ನಿಂತಿದ್ದು, ಫ್ರಿಜ್ ತಾನೇ ನಡೆದುಕೊಂಡು ಬಂದಿದ್ದು ನೆನಪಿದೆ ಎಂದಳು. "ನೀವು ಮೂರು ಮೀಟರ್ ಆಚೆ ಬಂದಿದ್ದೀರಿ, ಗೊತ್ತಾಯ್ತಾ?" ಎಂದು ಅಕ್ಕ ಅನುವಾದದ ಆ್ಯಪ್ ಹಿಡಿದು ಕೇಳಿದಳು. ಮನೆ ಬಾಡಿಗೆ ಮಾತ್ರ ಸರಿಯಲಿಲ್ಲ ಎಂದು ಉತ್ತರ ಬಂತು.

ಬಿಯೊಬಿಯೊ ನದಿ ದಂಡೆಗೆ ನಡೆದು ಹೋದೆವು. ತುಂಬಾ ಅಗಲದ ನದಿ, ಮಂಜಿನಲ್ಲಿ ಆಚೆ ದಡ ಕಾಣಲಿಲ್ಲ. ಇಲ್ಲಿದ್ದ ಹಳೆಯ ಸೇತುವೆ 2010ರಲ್ಲಿ ಬಿತ್ತು. ಹತ್ತಿರದಲ್ಲೇ ಒಂದು ಹದಿನೈದು ಮಹಡಿಯ ಹೊಸ ಕಟ್ಟಡ ಮಗುಚಿ ಎಂಟು ಜನ ಸತ್ತರು. ಊರಿನವರಿಗೆ ಸಿಟ್ಟು ಇರುವುದು ಭೂಕಂಪದ ಮೇಲಲ್ಲ, ಅದರ ಮೇಲೆ. ಉಳಿದ ಕಟ್ಟಡಗಳು ನಿಂತವಲ್ಲ, ಇದು ಯಾಕೆ ನಿಲ್ಲಲಿಲ್ಲ?

ಈ ಪ್ರಶ್ನೆಯ ಹಿಂದೆ ಒಂದು ಲೆಕ್ಕ ಇದೆ. ಅದೇ 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆಯಿತು. ತೀವ್ರತೆ 7.0. ಸತ್ತವರು ಒಂದು ಲಕ್ಷಕ್ಕಿಂತ ಜಾಸ್ತಿ. ಆರು ವಾರ ಕಳೆದು ಚಿಲಿಯಲ್ಲಿ ಆದದ್ದು ಶಕ್ತಿಯಲ್ಲಿ ಅದರ 500 ಪಟ್ಟು. ಸತ್ತವರು 525ರ ಆಸುಪಾಸು, ಅವರಲ್ಲೂ ಬಹಳಷ್ಟು ಜನ ಸುನಾಮಿಗೆ ಬಲಿಯಾದವರು. ತೀವ್ರತೆಯ ಅಂಕಿ ಒಂದು ಮೆಟ್ಟಿಲು ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ ಎಂದು ಅಕ್ಕ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು. ಆ ಸಂಖ್ಯೆಯಲ್ಲಿ ಸಾವಿನ ಸುದ್ದಿ ಇಲ್ಲ ಅನ್ನುವುದನ್ನು ಹೇಳೋಕೆ ಪಠ್ಯದಲ್ಲಿ ಜಾಗ ಇರಲಿಲ್ಲ ಎಂದಳು.

ಡಿಚಾಟೊ: ಅರ್ಧ ದಿನ

ಮರುದಿನ ಮೇ 21, ಚಿಲಿಯ ನೌಕಾದಿನ. ಅಂಗಡಿಗಳೆಲ್ಲ ಬಂದ್. ಆ ದಿನ ಹೋಗುವವರು ಹಿಂದಿನ ಸಂಜೆಯೇ ಬ್ರೆಡ್ಡು ಹಣ್ಣು ಕೊಂಡಿಟ್ಟುಕೊಳ್ಳಿ. ನಮಗೆ ಸಿಕ್ಕಿದ್ದು ಬಸ್ ನಿಲ್ದಾಣದ ಗಾಡಿಯ ಸೊಪೈಪಿಯಾ ಮಾತ್ರ. ಸಿಹಿ ಇಲ್ಲದ ಕುಂಬಳಕಾಯಿ ಪೂರಿ ಅಂದುಕೊಳ್ಳಿ. ಮೇಲೆ ಕೊತ್ತಂಬರಿ, ಟೊಮೆಟೊ, ಮೆಣಸಿನಕಾಯಿಯ ಪೆಬ್ರೆ ಹಾಕಿಕೊಂಡರೆ ನಾಲಿಗೆಗೆ ಜೀವ ಬರುತ್ತದೆ. ಸಸ್ಯಾಹಾರಿಗಳು ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದಾರಾ ಎಂದು ಕೇಳಿಕೊಳ್ಳುವುದು ಒಳ್ಳೆಯದು. 'ಮಾಂತೇಕಾ' ಅಂದರೆ ಸಾಕು, ಹೌದು ಇಲ್ಲ ಹೇಳುತ್ತಾರೆ.

1960ರಲ್ಲೂ ಮೇ 21 ರಜೆಯ ದಿನವೇ. ಬೆಳಿಗ್ಗೆ ಆರು ಗಂಟೆಗೆ ಕೊನ್ಸೆಪ್ಸಿಯೊನ್‌ನಲ್ಲಿ ಎಂಟಕ್ಕೂ ಮೀರಿದ ಭೂಕಂಪ ಆಯಿತು. ಅಧ್ಯಕ್ಷ ಹೋರ್ಹೆ ಅಲೆಸ್ಸಾಂದ್ರಿ ಸಮಾರಂಭ ಬಿಟ್ಟು ಪರಿಹಾರದ ಕೆಲಸಕ್ಕೆ ಇಳಿದರು. ದಕ್ಷಿಣದ ಫೋನ್ ತಂತಿಗಳೆಲ್ಲ ಕಡಿದುಹೋಗಿದ್ದವು. ಎಲ್ಲರೂ ಇದೇ ದೊಡ್ಡದು ಎಂದುಕೊಂಡರು. ನಿಜವಾದ ದೊಡ್ಡದು ಮರುದಿನಕ್ಕೆ ಕಾದಿತ್ತು.

ಡಿಚಾಟೊ ಕಡಲಿನ ಸಣ್ಣ ಊರು. ಅರ್ಧಚಂದ್ರಾಕಾರದ ಕೊಲ್ಲಿ, ಮೀನು ದೋಣಿಗಳು. 2010ರ ಸುನಾಮಿ ಈ ಊರನ್ನು ಬಹುಪಾಲು ಗುಡಿಸಿಹಾಕಿತು. ಈಗ ದಡದಲ್ಲಿ ಗೋಡೆ, ಅದರ ಹಿಂದೆ ನೀರಿನ ಬಲ ಮುರಿಯಲೆಂದೇ ನೆಟ್ಟ ಮರಗಳು. ಕಡಲ ಮುಂದಿನ ಕೆಲವು ಮನೆಗಳಲ್ಲಿ ಕೆಳಗಿನ ಅಂತಸ್ತನ್ನು ಖಾಲಿ ಬಿಟ್ಟಿದ್ದಾರೆ. ಬೀದಿ ಬೀದಿಗೆ ನೀಲಿ ಬೋರ್ಡು: ಅಲೆ, ಓಡುವ ಮನುಷ್ಯ, ಗುಡ್ಡ, ಬಾಣ. ಆ ಬಾಣ ಹಿಡಿದು ನಾವೂ ಸುಮ್ನೆ ನಡೆದು ನೋಡಿದೆವು. ಏರು ಕಡಿದಾಗಿದೆ. ಅಕ್ಕನ ಮಂಡಿಗೆ ಹದಿನೈದು ನಿಮಿಷ ಹಿಡಿಯಿತು. ಮೇಲೆ ನಾಯಿ ಸುತ್ತಾಡಿಸುತ್ತಿದ್ದ ಮೀನುಗಾರನೊಬ್ಬ, ಅಷ್ಟು ಹೊತ್ತು ಸಾಕಾಗುವುದಿಲ್ಲ ಎಂದು ತಲೆಯಾಡಿಸಿದ. ಕಾಲಿನ ಮೇಲೆ ನಿಲ್ಲಲಾರದಷ್ಟು ನಡುಗಿದರೆ ಸೈರನ್‌ಗೆ ಕಾಯಬಾರದು, ಫೋನ್ ನೋಡಬಾರದು, ಹತ್ತಬೇಕು. 2010ರಲ್ಲಿ ಅಧಿಕಾರಿಗಳಿಂದ ಸರಿಯಾದ ಎಚ್ಚರಿಕೆ ಬರಲೇ ಇಲ್ಲ. ಹತ್ತಿದವರು ಅಜ್ಜಿ ತಾತ ಹೇಳಿದ 1960ರ ಮಾತು ನೆನಪಿಟ್ಟುಕೊಂಡು ಹತ್ತಿದರಂತೆ. ನಗರದ ಕಾವಲುಗಾರ ಒಳಗಿರಿ ಅಂದ, ಇವನು ಓಡಿ ಅಂದ. ಇಬ್ಬರದೂ ಸರಿ.

ವಾಲ್ಡಿವಿಯಾ: ಮಳೆಯ ದಿನಗಳು

ಕೊನ್ಸೆಪ್ಸಿಯೊನ್‌ನಿಂದ ಬಸ್ಸಿನಲ್ಲಿ ಆರೇಳು ತಾಸು. ಮರದ ದಿಮ್ಮಿ ಹೊತ್ತ ಲಾರಿಗಳು, ಮುಗಿಯದ ಪೈನ್ ಮತ್ತು ನೀಲಗಿರಿ ತೋಪುಗಳು. ತೆಮೂಕೊ ದಾಟಿದ ಮೇಲೆ ಮಳೆ ಹಿಡಿಯಿತು. ಮುಂದೆ ಪ್ರವಾಸ ಮುಗಿಯುವವರೆಗೂ ಬಿಡಲಿಲ್ಲ. ಕೊಡೆ ಒಯ್ಯಬೇಡಿ. ಮೊದಲ ಸಂಜೆಯೇ ನದಿಯ ಗಾಳಿ ನನ್ನ ಕೊಡೆಯನ್ನು ಹಿಂದುಮುಂದು ಮಾಡಿ ಕಸದ ಬುಟ್ಟಿಗೆ ಕಳಿಸಿತು. ಟೋಪಿ ಇರುವ ಮಳೆಕೋಟು, ಎರಡು ಜೊತೆ ಬೂಟು ಬೇಕು. ಎಲ್ಲ ಮನೆಗಳಲ್ಲೂ ಸೌದೆ ಒಲೆ. ಇಡೀ ಊರು ಸೌದೆ ಹೊಗೆಯ ವಾಸನೆ ಹೊಡೆಯುತ್ತದೆ. ಒದ್ದೆ ಸಾಕ್ಸು ಒಣಗಿಸಲು ಮನೆಯೊಡತಿ ಒಲೆಯ ಪಕ್ಕ ಜಾಗ ಕೊಟ್ಟರು. ಬೆಳಿಗ್ಗೆ ಒಂದು ಸಾಕ್ಸು ಸುಟ್ಟಿತ್ತು.

1960ರ ಮೇ 22 ಭಾನುವಾರ. ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮುಂಚೆ ಒಂದು ದೊಡ್ಡ ಕಂಪನ ಆಗಿ ಜನ ಬೀದಿಗೆ ಬಂದರು. ಇನ್ನೂ ಒಳಗೆ ಹೋಗಿರಲಿಲ್ಲ. 3:11ಕ್ಕೆ ಅಸಲಿಯದು ಶುರುವಾಯಿತು. ಸುಮಾರು ಹತ್ತು ನಿಮಿಷ. ಸಾಂತಿಯಾಗೊದ ಇಪ್ಪತ್ತು ಸೆಕೆಂಡು ನಮಗೆ ಎಷ್ಟು ಉದ್ದ ಅನಿಸಿತ್ತು ಅಲ್ವಾ? ಕಡಲಡಿಯ ನಾಸ್ಕಾ ಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು, ದಕ್ಷಿಣ ಅಮೆರಿಕದ ಕೆಳಗೆ ವರ್ಷಕ್ಕೆ 7-8 ಸೆಂ.ಮೀ. ನುಗ್ಗುತ್ತದೆ. ಅಂಚಿನಲ್ಲಿ ಎರಡೂ ಕಚ್ಚಿಕೊಂಡಿರುತ್ತವೆ. ಅವತ್ತು ಆ ಕಚ್ಚು ಬಿಟ್ಟಿತು. ಉತ್ತರದ ಅರೌಕೊದಿಂದ ದಕ್ಷಿಣದ ಆಯ್ಸೆನ್ ತನಕ ಸುಮಾರು 900 ಕಿ.ಮೀ. ಉದ್ದಕ್ಕೆ ಬಿರುಕು ಬಿಟ್ಟಿತು. ಫಲಕಗಳು ಒಂದರ ಮೇಲೊಂದು ಸರಾಸರಿ 20 ಮೀಟರಿಗೂ ಹೆಚ್ಚು ಜಾರಿದವು. ಇಡೀ ಭೂಗೋಳ ದಿನಗಟ್ಟಲೆ ಮಿಡಿಯುತ್ತಿತ್ತು, ಅದನ್ನು ಉಪಕರಣಗಳು ಸ್ಪಷ್ಟವಾಗಿ ಹಿಡಿದದ್ದೂ ಆಗಲೇ ಮೊದಲು.

ಹಳೆಯ ರಿಕ್ಟರ್ ಲೆಕ್ಕದ ಅಳತೆಗಳಿಗೆ ಇಷ್ಟು ದೊಡ್ಡದು ನಿಲುಕುತ್ತಿರಲಿಲ್ಲ. ಎಂಟೂವರೆಯ ಹತ್ತಿರ ಬಂದು ಮುಗ್ಗರಿಸುತ್ತಿದ್ದವು. 1977ರಲ್ಲಿ ಭೂಕಂಪ ವಿಜ್ಞಾನಿ ಹಿರೂ ಕನಮೋರಿ ಬಿರುಕಿನ ಉದ್ದ, ಅಗಲ, ಜಾರಿದ ದೂರ ಹಿಡಿದು ಹೊಸ ಲೆಕ್ಕ ಹಾಕಿದ ಮೇಲೆಯೇ 9.5 ಬಂದದ್ದು. ಗಾತ್ರದಲ್ಲಿ ಇದರ ನಂತರದವುಗಳ ಸಾಲು ಅಕ್ಕನಿಗೆ ಬಾಯಿಪಾಠ. 1964ರ ಅಲಾಸ್ಕ 9.2. 2004ರ ಸುಮಾತ್ರ 9.1, ಸತ್ತವರು ಎರಡು ಲಕ್ಷದ ಮೇಲೆ. 2011ರ ಜಪಾನ್ ಒಂಬತ್ತರ ಮೇಲೆ. 1952ರ ಕಮ್ಚಟ್ಕ 9.0. ಎಲ್ಲವೂ ಒಂದು ಫಲಕ ಇನ್ನೊಂದರ ಕೆಳಗೆ ಇಳಿಯುವ ಕಡಲಂಚಿನವು. ಬೇರೆ ಕಡೆ ಇಷ್ಟು ಉದ್ದದ, ಇಷ್ಟು ಅಗಲದ ಬಿರುಕಿಗೆ ಜಾಗವೇ ಇಲ್ಲ.

ಬೆಳಿಗ್ಗೆ ಎದ್ದು ಭೂಕಂಪದ ಗುರುತು ಹುಡುಕಲು ಹೊರಟೆವು. ನದಿದಂಡೆಯ ಮೀನುಪೇಟೆಗೆ ಬೆಳಿಗ್ಗೆಯೇ ಹೋಗಬೇಕು. ಒಂದು ಕಡೆ ಗಿರಾಕಿಗಳು, ಇನ್ನೊಂದು ಕಡೆ ಭಾರೀ ಗಾತ್ರದ ಕಡಲಸಿಂಹಗಳು. ಮಾರುವವರು ಮೀನಿನ ತಲೆ ಹಿಂದಕ್ಕೆ ಎಸೆಯುತ್ತಾರೆ, ಅವು ನೀರಿನಿಂದ ಬಾಯಿ ತೆರೆದು ಜಗಳ ಆಡುತ್ತವೆ. ಅಕ್ಕ ಸಸ್ಯಾಹಾರಿ, ಆದರೂ ಅಲ್ಲಿಂದ ಕದಲಲಿಲ್ಲ. ಒಂದು ಕಟ್ಟು ಒಣಗಿಸಿದ ಕೊಚಾಯೂಯೊ, ಅಂದರೆ ಕಡಲಪಾಚಿ, ಕೊಂಡಳು. ಕಟ್ಟಿದ ಚರ್ಮದ ಹಾಗಿರುತ್ತದೆ, ನೆನೆಸಿ ಬೇಯಿಸಿದರೆ ಚೆನ್ನಾಗಿರುತ್ತದೆ.

ಕುಸಿದ ಕಟ್ಟಡ, ಸ್ಮಾರಕ ಅಂತ ಹುಡುಕಿದರೆ ಊರಿನಲ್ಲಿ ಹೆಚ್ಚೇನೂ ಇಲ್ಲ. ಮನೆಯೊಡತಿ ತೋರಿಸಿದ್ದು ಬೇರೆಯದು. ಪೇಟೆಯ ನಡುವೆ ಅಲ್ಲಲ್ಲಿ ಕಾರು ನಿಲ್ಲಿಸುವ ಬಯಲುಗಳಿವೆ. ಇಷ್ಟು ಬೆಲೆಬಾಳುವ ಜಾಗದಲ್ಲಿ ಯಾಕೆ ಬರಿದು ಎಂದು ನೋಡಿದರೆ, 1960ರಲ್ಲಿ ಬಿದ್ದ ಕಟ್ಟಡಗಳ ಜಾಗ ಅವು. ಎಷ್ಟೋ ನಿವೇಶನಗಳು 1990ರ ತನಕವೂ ಖಾಲಿ ಇದ್ದವಂತೆ. ಊರಿನ ಸುಮಾರು ನಲವತ್ತು ಶೇಕಡ ಮನೆಗಳು ಆಗ ಹೋದವು. ಬಿದ್ದದ್ದು ಜಾಸ್ತಿ ನದಿಯ ತಗ್ಗಿನ ನೆಲದ ಕಟ್ಟಡಗಳು, ಅದರಲ್ಲೂ ಭೂಕಂಪದ ಯೋಚನೆ ಇಲ್ಲದೆ ಕಟ್ಟಿದ ಭಾರದ ಕಾಂಕ್ರೀಟಿನವು. ಮರದ ಮನೆಗಳು ಸೊಟ್ಟಗಾದವು, ಆದರೆ ಒಳಗಿದ್ದವರ ತಲೆ ಮೇಲೆ ಕವುಚಿಕೊಳ್ಳಲಿಲ್ಲ. ಇಡೀ ದೇಶದಲ್ಲಿ ಸತ್ತವರ ಲೆಕ್ಕ ಸಾವಿರದಿಂದ ಆರು ಸಾವಿರದವರೆಗೆ ಬೇರೆ ಬೇರೆ ಹೇಳುತ್ತಾರೆ. 9.5ಕ್ಕೆ ಇದು ಕಡಿಮೆಯೇ. ಭಾನುವಾರ, ಹಗಲು, ಮುಂಚೆ ಬಂದ ಕಂಪನ, ಮರದ ಮನೆ. ನಾಲ್ಕೂ ಸೇರಿ ಎಷ್ಟೋ ಜೀವ ಉಳಿಸಿದವು.

ಸೇತುವೆ ದಾಟಿದರೆ ಇಸ್ಲಾ ತೇಹಾ ದ್ವೀಪ. ಹತ್ತೊಂಬತ್ತನೇ ಶತಮಾನದಲ್ಲಿ ವಲಸೆ ಬಂದ ಜರ್ಮನ್ನರ ನೆಲೆ. ಅವರಲ್ಲಿ ಆನ್ವಾಂಟರ್ ಕುಟುಂಬದ ಬಿಯರ್ ಕಾರ್ಖಾನೆ ದೊಡ್ಡದು. ಭೂಕಂಪ ಅದನ್ನು ಮುಗಿಸಿತು. ಆ ಪಾಳಿನ ಮೇಲೆಯೇ ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯ ಎದ್ದಿದೆ. ಜರ್ಮನ್ನರು ಬಿಟ್ಟುಹೋದ ಇನ್ನೊಂದು ಆಸ್ತಿ ಕೂಹೆನ್ ಎಂಬ ಹಣ್ಣಿನ ಕೇಕು. ಮೇ ತಿಂಗಳಲ್ಲಿ ಹೋದರೆ ಮುರ್ತಾ ಹಣ್ಣಿನದೇ ಕೇಳಿ. ದಕ್ಷಿಣ ಚಿಲಿಯ ಕಾಡಿನ ಪುಟ್ಟ ಕೆಂಪು ಹಣ್ಣು, ಗುಲಾಬಿ ಮತ್ತು ಸೀಬೆ ಎರಡರ ಪರಿಮಳ. ಒಂದು ತುಂಡು ಇಬ್ಬರಿಗೆ ಸಾಕಿತ್ತು. ಎರಡು ತುಂಡು ತಿಂದೆವು.

ಮಧ್ಯಾಹ್ನ ಮಳೆ ಅರ್ಧ ತಾಸು ನಿಂತಾಗ ದೋಣಿ ಹತ್ತಿ ರಿಯೊ ಕ್ರೂಸೆಸ್ ಕಡೆ ಹೋದೆವು. ನಾನು ಬಂದದ್ದು ಸಾರ್ಥಕ ಅಂದುಕೊಂಡದ್ದು ಇಲ್ಲಿ. ಕಣ್ಣು ಹಾಯುವಷ್ಟು ದೂರ ಆಳವಿಲ್ಲದ ನೀರು, ಜೊಂಡು. ನಡುವೆ ಕಪ್ಪು ಕತ್ತಿನ ಬಿಳಿ ಹಂಸಗಳು, ನೂರಾರು. ಮೂಗಿನ ಮೇಲೆ ಕೆಂಪು ಗುಬುಟು. ದೋಣಿ ನಡೆಸುವವನು ಎಂಜಿನ್ ನಿಲ್ಲಿಸಿ ನೀರಿನಲ್ಲಿ ಮುಳುಗಿದ ಬೇಲಿ ಗೂಟಗಳ ಸಾಲು ತೋರಿಸಿದ. ಇದೆಲ್ಲ 1960ರ ಮೇ 22ರ ಮಧ್ಯಾಹ್ನದವರೆಗೆ ದನ ಮೇಯುವ ಹುಲ್ಲುಗಾವಲು, ಹೊಲ. ಆ ಹತ್ತು ನಿಮಿಷದಲ್ಲಿ ವಾಲ್ಡಿವಿಯಾ ಸುತ್ತಲಿನ ನೆಲ ಸುಮಾರು ಎರಡು ಮೀಟರ್ ತಗ್ಗಿತು. ನದಿ ಒಳಗೆ ಬಂತು, ಬಂದದ್ದು ಹೋಗಲಿಲ್ಲ. ನೀರಿನಡಿ ಕಳೆ ಬೆಳೆಯಿತು, ಅದನ್ನು ತಿನ್ನಲು ಹಂಸಗಳು ಬಂದವು. 1981ರಲ್ಲಿ ಜಗತ್ತಿನ ಮುಖ್ಯ ಜವುಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಾವು ಬೆಳಿಗ್ಗೆಯಿಂದ ಭೂಕಂಪದ ಗುರುತು ಗೋಡೆಗಳ ಮೇಲೆ ಹುಡುಕುತ್ತಿದ್ದೆವು. ಅದರ ಮೇಲೇ ದೋಣಿಯಲ್ಲಿ ಕೂತಿದ್ದೇವೆ ಅನ್ನುವುದು ಆಗ ಹೊಳೆಯಿತು.

2004ರಲ್ಲಿ ಮೇಲ್ಭಾಗದಲ್ಲಿ ಕಾಗದದ ತಿರುಳಿನ ಕಾರ್ಖಾನೆ ಶುರುವಾದ ಮೇಲೆ ಕಳೆ ಸತ್ತು, ಹಂಸಗಳೂ ಸತ್ತು, ಉಳಿದವು ಹಾರಿಹೋಗಿದ್ದವು. ಊರು ಬೀದಿಗಿಳಿಯಿತು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಹಂಸಗಳು ವಾಪಸು ಬರಲು ವರ್ಷಗಳೇ ಬೇಕಾದವು. ಜಗತ್ತಿನ ಅತಿ ದೊಡ್ಡ ಭೂಕಂಪ ಕೊಟ್ಟದ್ದನ್ನು ಕಿತ್ತುಕೊಳ್ಳಲು ಮನುಷ್ಯರಿಗೆ ಕೆಲವೇ ತಿಂಗಳು ಸಾಕಾಗಿತ್ತು.

ನಿಯೆಬ್ಲಾ, ಕೊರಾಲ್: ದೋಣಿ ನಿಂತ ದಿನ

20ನೇ ನಂಬರಿನ ಸಿಟಿ ಬಸ್ಸು ನದಿಯ ಪಕ್ಕದಲ್ಲೇ ನಿಯೆಬ್ಲಾಕ್ಕೆ ಹೋಗುತ್ತದೆ. ಚಿಲ್ಲರೆ ಪೆಸೊ ಇಟ್ಟುಕೊಳ್ಳಿ, ದೊಡ್ಡ ನೋಟು ಕಂಡರೆ ಡ್ರೈವರ್ ಮುಖ ಸಿಂಡರಿಸುತ್ತಾನೆ. 1960ರಲ್ಲಿ ಕನೆಲೋಸ್ ಎಂಬ ಹಡಗು ಮುಳುಗಿದ್ದು ಈ ನದಿಯಲ್ಲೇ. ಸುನಾಮಿ ಅದನ್ನು ನದಿಬಾಯಿಯಿಂದ ಒಂದೂವರೆ ಕಿ.ಮೀ. ಅತ್ತಿತ್ತ ಎಳೆದಾಡಿ ಮುಳುಗಿಸಿತು. ಅದರ ಕಂಬ ದಶಕಗಳ ಕಾಲ ರಸ್ತೆಯಿಂದಲೇ ಕಾಣುತ್ತಿತ್ತಂತೆ. ನಾವು ಕಿಟಕಿಯ ಆವಿ ಒರೆಸಿ ಒರೆಸಿ ನೋಡಿದೆವು. ಮಳೆಯಲ್ಲಿ ನದಿ ಯಾವುದು ಆಕಾಶ ಯಾವುದು ಎಂದೇ ತಿಳಿಯಲಿಲ್ಲ.

ನಿಯೆಬ್ಲಾದಿಂದ ಸಣ್ಣ ದೋಣಿಯಲ್ಲಿ ಆಚೆ ದಡದ ಕೊರಾಲ್‌ಗೆ ಹೋದೆವು. ಸ್ಪ್ಯಾನಿಷರ ಕಾಲದ ಕೋಟೆ, ಮಾಸಿದ ಫಿರಂಗಿಗಳು. ಕೋಟೆಯ ಮೇಲೆ ನಿಂತು ಕೊಲ್ಲಿ ನೋಡುತ್ತಿದ್ದಂತೆ ಗಾಳಿ ಎದ್ದಿತು. ಕೆಳಗಿಳಿಯುವಷ್ಟರಲ್ಲಿ ಬಂದರು ಬಂದ್, ಸಣ್ಣ ದೋಣಿ ಯಾವುದೂ ಬಿಡುವುದಿಲ್ಲ ಎಂದರು. ಚಳಿಗಾಲದಲ್ಲಿ ಇದು ಮಾಮೂಲು. ಹೋಗುವವರು ಹಿಂದಿನ ದಿನವೇ ಹವಾಮಾನದ ಮುನ್ಸೂಚನೆ ನೋಡಿಕೊಂಡು ಹೋಗಿ, ಮಧ್ಯಾಹ್ನದ ಮೇಲೆ ಏನೂ ಇಟ್ಟುಕೊಳ್ಳಬೇಡಿ.

ನಾಲ್ಕು ಮೇಜಿನ ಒಂದು ಊಟದ ಮನೆಯಲ್ಲಿ ಆಶ್ರಯ ಸಿಕ್ಕಿತು. ನಮ್ಮ ಪುಣ್ಯಕ್ಕೆ ಅವತ್ತು ಬೀನ್ಸ್ ಮತ್ತು ಶಾವಿಗೆ ಹಾಕಿದ ಪೊರೊತೊಸ್ ಕೊನ್ ರಿಯೆಂದಾಸ್ ಇತ್ತು. ಸಾಸೇಜ್ ಬೇಡ ಎಂದಾಗ ಒಡತಿಗೆ ನಮ್ಮ ಮೇಲೆ ಕರುಣೆ ಬಂತು. ಬಿಸಿ, ಗಟ್ಟಿ, ಮೇಲೆ ಮೆರ್ಕೆನ್. ಅದು ಮಾಪುಚೆ ಜನರ ಹೊಗೆಯಾಡಿಸಿದ ಮೆಣಸಿನಪುಡಿ. ಒಂದು ಪೊಟ್ಟಣ ಅಲ್ಲೇ ಕೊಂಡೆವು.

ಒಲೆಯ ಪಕ್ಕ ಹೆಣೆಯುತ್ತ ಕೂತಿದ್ದ ಒಡತಿಯ ತಾಯಿಗೆ 1960ರಲ್ಲಿ ಆರು ವರ್ಷ. ನಾವು ಕೇಳುವ ಮುಂಚೆಯೇ ಅವರಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಬರುವ ವಿದೇಶಿಯರು ಅದನ್ನೇ ಕೇಳುವುದು ಎಂದರು. ನಡುಕ ಅವರಿಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಅದಾದ ಮೇಲಿನ ಒಂದು ತಾಸು. ಕಡಲು ಮೊದಲು ಸದ್ದಿಲ್ಲದೆ ಏರಿತು, ಆಮೇಲೆ ಕೊಲ್ಲಿಯ ತಳ ಕಾಣುವ ಹಾಗೆ ಹಿಂದಕ್ಕೆ ಹೋಯಿತು. ಮನೆಗಳು, ಹಡಗುಗಳು ಅದರ ಜೊತೆ ಹೋದವು. ತಾಯಿ ಅವರನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು. ಮೇಲಿಂದ ನೋಡಿದಾಗ ನೀರು ತಿರುಗಿ ಬಂತು. ಹತ್ತು ಮೀಟರ್ ಎತ್ತರದ ಅಲೆಗಳು ಎಂದು ದಾಖಲೆ ಹೇಳುತ್ತದೆ. ಅಳತೆ ತನಗೆ ಗೊತ್ತಿಲ್ಲ, ತಮ್ಮ ಬೀದಿ ಇರಲಿಲ್ಲ ಅಷ್ಟೇ ಎಂದರು ಅಜ್ಜಿ. ಮಾತಿನ ನಡುವೆ ಒಂದು ಹೊಲಿಗೆಯನ್ನೂ ತಪ್ಪಲಿಲ್ಲ.

ಅದೇ ಅಲೆ ಶಾಂತಸಾಗರವನ್ನೂ ದಾಟಿತು. ಹದಿನೈದು ತಾಸಿಗೆ ಹವಾಯಿಯ ಹೀಲೊ, ಅಲ್ಲಿ 61 ಸಾವು. ಸುಮಾರು ಒಂದು ದಿನಕ್ಕೆ ಜಪಾನ್, ಅಲ್ಲಿ ನೂರ ನಲವತ್ತರ ಹತ್ತಿರ. ಹೀಲೊದಲ್ಲಿ ತಾಸುಗಟ್ಟಲೆ ಮೊದಲೇ ಸೈರನ್ ಮೊಳಗಿತ್ತು, ಎಷ್ಟೋ ಜನ ಕದಲಲಿಲ್ಲ. ಈ ಸುದ್ದಿ ಅಜ್ಜಿಗೆ ಹೊಸದು. ಸೈರನ್ ಇದ್ದೂ ಹೋಗಲಿಲ್ಲವಾ ಎಂದು ಎರಡು ಸಲ ಕೇಳಿದರು. ನಿಮ್ಮಲ್ಲಿ ಹೀಗೆ ಆಗುತ್ತಾ ಎಂದೂ ಕೇಳಿದರು. ಅಕ್ಕ 1950ರ ಆಗಸ್ಟ್ 15ರ ಅಸ್ಸಾಂ-ಟಿಬೆಟ್ ಭೂಕಂಪದ ಕಥೆ ಹೇಳಿದಳು. 8.6. ಸುಬನ್‌ಸಿರಿ ನದಿಗೆ ಬೆಟ್ಟ ಕುಸಿದು ಅಡ್ಡಗಟ್ಟಿತು, ಕೆಲವು ದಿನಗಳ ಮೇಲೆ ಅದು ಒಡೆದು ಐನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅಜ್ಜಿ ಹೆಣಿಗೆ ಕೆಳಗಿಟ್ಟು, ಹಾಗಾದರೆ ನೀವು ರಿನ್ಯಿವೆಗೆ ಹೋಗಲೇಬೇಕು ಎಂದರು.

ಕತ್ತಲಾದ ಮೇಲೆ ಗಾಳಿ ಇಳಿದು, ಕಾರು ಸಾಗಿಸುವ ದೊಡ್ಡ ದೋಣಿಯಲ್ಲಿ ಜಾಗ ಸಿಕ್ಕಿತು.

ರಿನ್ಯಿವೆ: ಸರೋವರದ ದಿನ

ಬಾಡಿಗೆ ಕಾರು, ಮಾತುಗಾರ ಡ್ರೈವರ್. ವಾಲ್ಡಿವಿಯಾದಿಂದ ಲೋಸ್ ಲಾಗೋಸ್ ಮೇಲೆ ಹೋಗಬೇಕು. ಕೊನೆಯ ಭಾಗ ಕೆಸರು, ಹಸು, ಮಂಜು. ಸರೋವರ ಮಾತ್ರ ಏನೂ ಆಗಿಲ್ಲದ ಹಾಗೆ ಕೂತಿದೆ. ಸುತ್ತ ಕಾಡು, ಒಂದೂ ದೋಣಿ ಇಲ್ಲ.

ಸಾನ್ ಪೆದ್ರೊ ನದಿ ಈ ಸರೋವರದಿಂದ ಹೊರಟು ಕೆಳಗೆ ವಾಲ್ಡಿವಿಯಾಕ್ಕೆ ಹರಿಯುತ್ತದೆ. 1960ರ ಭೂಕಂಪದಲ್ಲಿ ಬೆಟ್ಟ ಜಾರಿ ನದಿಗೆ ಅಡ್ಡ ಬಿತ್ತು. ದೊಡ್ಡ ಗುಡ್ಡೆ 24 ಮೀಟರ್ ಎತ್ತರ. ಸರೋವರ ದಿನದಿನಕ್ಕೆ ಏರತೊಡಗಿತು. ತುಂಬಿ ಒಡೆದರೆ ಕೆಳಗಿನ ಊರುಗಳು, ಆಗಲೇ ಬಿದ್ದಿದ್ದ ವಾಲ್ಡಿವಿಯಾ ಎಲ್ಲ ಮುಗಿದಂತೆ. ಇದು ಬರೀ ಭಯ ಆಗಿರಲಿಲ್ಲ. 1575ರ ಡಿಸೆಂಬರಿನಲ್ಲಿ ಇದೇ ಸೀಮೆಯಲ್ಲಿ ಭಾರೀ ಭೂಕಂಪ ಆಗಿ, ಇದೇ ನದಿ ಹೀಗೇ ಕಟ್ಟಿಕೊಂಡು, ನಾಲ್ಕು ತಿಂಗಳ ಮೇಲೆ ಒಡೆದು ಅನೇಕರನ್ನು ಕೊಂದಿತ್ತು. ಆಗಿನ ಊರಾಧಿಕಾರಿ ಮರಿನ್ಯೊ ದೆ ಲೊಬೇರಾ ಅದನ್ನು ಬರೆದಿಟ್ಟಿದ್ದ.

ರಾಉಲ್ ಸಾಯೆಸ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಬುಲ್ಡೋಜರುಗಳು ಬಂದವು, ಕೆಸರಿನಲ್ಲಿ ಹೂತವು. ಕೊನೆಗೆ ಸಾವಿರಾರು ಜನ ಸಲಿಕೆ ಹಿಡಿದರು. ಇದೇ ಮಳೆಯಲ್ಲಿ, ಇದೇ ಚಳಿಯಲ್ಲಿ. ಮೇಲಿನ ಸರೋವರಗಳ ನೀರು ಇಲ್ಲಿಗೆ ಬರದಂತೆ ಅಲ್ಲಲ್ಲಿ ತಡೆ ಕಟ್ಟಿದರು. ಎರಡು ತಿಂಗಳಲ್ಲಿ 24 ಮೀಟರನ್ನು 15ಕ್ಕೆ ಇಳಿಸಿದರು. ಜುಲೈ ಕೊನೆಗೆ ನೀರು ತಾನೇ ದಾರಿ ಮಾಡಿಕೊಂಡು ಇಳಿಯಿತು. ತಗ್ಗಿನ ಊರುಗಳು ಮುಳುಗಿದವು. ಆದರೆ ಎಲ್ಲ ಒಮ್ಮೆಲೇ ಒಡೆಯಲಿಲ್ಲ. ಡ್ರೈವರ್‌ನ ತಾತ ಸಲಿಕೆ ಹಿಡಿದವರಲ್ಲಿ ಒಬ್ಬ. ಸಂಬಳ ಎಷ್ಟು ಅಂತ ಕೊನೆವರೆಗೂ ಗೊಣಗುತ್ತಿದ್ದನಂತೆ. ಕಥೆ ಕೇಳಿದವರು ಹೆಮ್ಮೆ ಪಡುತ್ತಿದ್ದರು, ತಾತನಿಗೆ ಬರೀ ಸೊಂಟನೋವು ನೆನಪಿತ್ತು. ಅವನ ಮಾತು ನನಗೆ ಹಿಡಿಸಿತು.

ವಾಪಸು ಬರುವಾಗ ಒಂದು ತಿರುವಿನಲ್ಲಿ ಕಾರು ಕೆಸರಿಗೆ ಸಿಕ್ಕಿಕೊಂಡಿತು. ತಾತನ ವಿದ್ಯೆ ನಿನಗೂ ಬರುತ್ತಾ ಎಂದು ಅಕ್ಕ ಕೇಳಿದಳು. ಡಿಕ್ಕಿಯಲ್ಲಿ ಸಲಿಕೆ ಇತ್ತು!

ಮೌಯಿನ್, ಆಂಕೂದ್: ಕೊನೆಯ ಸುತ್ತು

ಪುವೆರ್ತೊ ಮೊಂತ್‌ನಿಂದ ಪಶ್ಚಿಮಕ್ಕೆ ಹೋದರೆ ಮೌಯಿನ್ ಎಂಬ ನದಿಬಾಯಿ ಊರು. ಪ್ರವಾಸಿಗಳು ಬರುವುದೇ ಇಲ್ಲ. ಜವುಗು, ಒಣಗಿ ನಿಂತ ಮರಗಳು, ಕೊರೆಯುವ ಗಾಳಿ. ಅಕ್ಕ ಒಂದು ಕೊಚ್ಚಿದ ದಂಡೆಯ ಮುಂದೆ ಕೂತುಬಿಟ್ಟಳು. ಕಪ್ಪು ಮಣ್ಣು, ಅದರ ನಡುವೆ ಬೂದು ಮರಳಿನ ತೆಳು ಗೆರೆ. ಆ ಮರಳು ಸುನಾಮಿ ತಂದು ಹಾಸಿದ್ದು. ಮಾರ್ಕೊ ಸಿಸ್ತೆರ್ನಾಸ್, ಬ್ರಯಾನ್ ಆಟ್‌ವಾಟರ್ ಮುಂತಾದ ಭೂವಿಜ್ಞಾನಿಗಳು ಇಲ್ಲಿನ ಇಂಥ ಪದರಗಳನ್ನು ಓದಿ 2005ರಲ್ಲಿ ಪ್ರಕಟಿಸಿದರು.

ಅವರಿಗೆ ಕಾಡಿದ ಪ್ರಶ್ನೆ ಇದು. ಹಿಂದಿನ ದೊಡ್ಡ ಭೂಕಂಪ 1837ರಲ್ಲಿ. ಅಲ್ಲಿಂದ 1960ಕ್ಕೆ 123 ವರ್ಷ. ವರ್ಷಕ್ಕೆ ಎಂಟು ಸೆಂ.ಮೀ. ಹಿಡಿದರೂ ಕೂಡಿದ ಒತ್ತಡ ಹತ್ತು ಮೀಟರಿನದು. ಜಾರಿದ್ದು ಮಾತ್ರ ಅದರ ಎರಡು ಪಟ್ಟು. ಉಳಿದದ್ದು ಎಲ್ಲಿಂದ ಬಂತು? ಉತ್ತರ ಮಣ್ಣಿನಲ್ಲಿತ್ತು. 1737, 1837ರ ಭೂಕಂಪಗಳು ಇಲ್ಲಿ ಗುರುತನ್ನೇ ಬಿಟ್ಟಿಲ್ಲ. 1837ರಲ್ಲೂ ನಿಂತಿದ್ದ ಮರಗಳು ಸತ್ತದ್ದು 1960ರಲ್ಲಿ ನೆಲ ತಗ್ಗಿ ಉಪ್ಪುನೀರು ಬಂದ ಮೇಲೆ. 1575ರದ್ದು ಮಾತ್ರ 1960ರ ಜೋಡಿ. ನಡುವಿನ ಎರಡು ಒತ್ತಡವನ್ನು ಪೂರ್ತಿ ಬಿಡಿಸಲಿಲ್ಲ, ಉಳಿಸಿಟ್ಟವು. ಅಂದರೆ ಇಷ್ಟು ದೊಡ್ಡದು ಇಲ್ಲಿ ಶತಮಾನಗಳಿಗೊಮ್ಮೆ. ಸಣ್ಣವು, ಅಂದರೆ ಏಳು ಎಂಟರವು, ಅಷ್ಟು ದಿನ ಕಾಯುವುದಿಲ್ಲ.

ಹಡಗಿನಲ್ಲಿ ಕಡಲು ದಾಟಿ ಚಿಲೊಯೆ ದ್ವೀಪದ ಆಂಕೂದ್‌ನಲ್ಲಿ ರಾತ್ರಿ ತಂಗಿದೆವು. ಹಿಂದೆ ಇಲ್ಲಿಂದ ಕಾಸ್ತ್ರೊಗೆ ರೈಲು ಇತ್ತು. 1960ರಲ್ಲಿ ಹಳಿ ಕಿತ್ತುಹೋಯಿತು, ಮತ್ತೆ ಹಾಕಲೇ ಇಲ್ಲ. ಊಟಕ್ಕೆ ಆಲೂಗಡ್ಡೆಯ ಮಿಲ್ಕಾವ್. ಹಂದಿ ಚೂರು ಹಾಕದೆ ಮಾಡಿಕೊಡಲು ಮನೆಯಾಕೆ ಒಪ್ಪಿದರು, ಆದರೆ ಅದನ್ನು ಮಿಲ್ಕಾವ್ ಎಂದು ಕರೆಯಬಾರದು ಎಂದು ಷರತ್ತು ಹಾಕಿದರು.

ಅವರ ತವರು ದ್ವೀಪದ ದಕ್ಷಿಣದ ಕೆಯೊನ್. 2016ರ ಡಿಸೆಂಬರ್ 25ಕ್ಕೆ ಅಲ್ಲೇ ಇದ್ದರು. ಕ್ರಿಸ್ಮಸ್ ಅಡುಗೆ ಒಲೆಯ ಮೇಲಿತ್ತು. 7.6ರ ಭೂಕಂಪ ಬಂತು. 1960ರಲ್ಲಿ ಬಿರುಕು ಬಿಟ್ಟ ಜಾಗದಲ್ಲಿ ಅದಾದ ಮೇಲೆ ಇಷ್ಟು ದೊಡ್ಡದು ಬಂದದ್ದು ಆಗಲೇ ಮೊದಲು. ಸಾವಿರಾರು ಜನ ಗುಡ್ಡ ಹತ್ತಿದರು. ಇವರ ಅತ್ತೆ ಮಾತ್ರ ಒಲೆ ಆರಿಸಿ, ಪಾತ್ರೆಗೆ ಬಟ್ಟೆ ಕಟ್ಟಿ, ಅದನ್ನು ಸೊಸೆಯ ಕೈಗೆ ಕೊಟ್ಟೇ ಹೊರಟದ್ದು. ಅಲೆ ಅಂಥದ್ದೇನೂ ಬರಲಿಲ್ಲ, ಯಾರೂ ಸಾಯಲಿಲ್ಲ. ಗುಡ್ಡದ ಮೇಲೆ ಪರಿಚಯ ಇಲ್ಲದ ನಾಲ್ಕು ಮನೆಯವರು ಆ ಪಾತ್ರೆಯನ್ನು ಖಾಲಿ ಮಾಡಿದರು. ಉಪ್ಪು ಕಡಿಮೆ ಆಗಿದೆ ಎಂದು ಒಬ್ಬ ಹೇಳಿದನಂತೆ. ಅತ್ತೆ ಅವನನ್ನು ಈಗಲೂ ಕ್ಷಮಿಸಿಲ್ಲ.